ವರ್ಜೀನಿಯಾ ಹೌಸ್ ಆಫ್ ಡೆಲಿಗೇಟ್ಸ್ ಚುನಾವಣೆ, 2017

ಅಮೆರಿಕದ ವರ್ಜೀನಿಯಾ ರಾಜ್ಯದ ಶಾಸಕಾಂಗದ ಕೆಳಮನೆಗೆ ಹೌಸ್ ಆಫ್ ಡೆಲಿಗೇಟ್ಸ್ ಎಂದು ಹೆಸರು. ಅದರ ಎಲ್ಲ 100 ಸ್ಥಾನಗಳಿಗೂ 2017ರ ನವೆಂಬರ್ 7ರಂದು ಚುನಾವಣೆ ನಡೆಯಿತು. ಚುನಾವಣೆಗೆ ಮುಂಚೆ ಸದನದಲ್ಲಿ ರಿಪಬ್ಲಿಕನ್ ಪಕ್ಷದ 66 ಮತ್ತು ಡೆಮಾಕ್ರಟಿಕ್ ಪಕ್ಷದ 34 ಸದಸ್ಯರಿದ್ದರು. ಫಲಿತಾಂಶ ಪೂರ್ತಿ ಹೊರಬಂದಾಗ ಬಲಾಬಲ 51–49 ಆಗಿತ್ತು. ಆ 51ನೆಯ ಸ್ಥಾನ ಯಾರದೆಂದು ತೀರ್ಮಾನವಾಗಲು ಸುಮಾರು ಎರಡು ತಿಂಗಳು ಹಿಡಿಯಿತು. 94ನೆಯ ಕ್ಷೇತ್ರದಲ್ಲಿ ಇಬ್ಬರು ಅಭ್ಯರ್ಥಿಗಳಿಗೂ ತಲಾ 11,608 ಮತಗಳು ಬಂದಿದ್ದರಿಂದ ಕೊನೆಗೆ ಚೀಟಿ ಎತ್ತಿ ವಿಜೇತರನ್ನು ಆರಿಸಲಾಯಿತು. ಜಗತ್ತಿನ ಗಮನ ಸೆಳೆದದ್ದು ಈ ಚೀಟಿ. ಆದರೆ ಸದನದ ಬಹುಮತವನ್ನು ನಿರ್ಧರಿಸಿದ್ದರಲ್ಲಿ ಕ್ಷೇತ್ರಗಳ ಗಡಿರೇಖೆ, ಮತದಾರರ ಪಟ್ಟಿಯ ತಪ್ಪು ಮತ್ತು ಮರುಎಣಿಕೆಯ ನಿಯಮಗಳ ಪಾಲು ಅದಕ್ಕಿಂತ ದೊಡ್ಡದು.

ವರ್ಜೀನಿಯಾದ ಶಾಸಕಾಂಗದ ಒಟ್ಟು ಹೆಸರು ಜನರಲ್ ಅಸೆಂಬ್ಲಿ. 1619ರ ಜುಲೈನಲ್ಲಿ ಜೇಮ್ಸ್‌ಟೌನ್‌ನಲ್ಲಿ ಸೇರಿದ ವಸಾಹತು ಪ್ರತಿನಿಧಿಗಳ ಸಭೆಯೇ ಅದರ ಮೂಲ. ರಾಜಧಾನಿ ರಿಚ್ಮಂಡ್‌ನಲ್ಲಿ ಥಾಮಸ್ ಜೆಫರ್ಸನ್ ವಿನ್ಯಾಸಗೊಳಿಸಿದ ಕ್ಯಾಪಿಟಲ್ ಭವನದಲ್ಲಿ ಅದರ ಅಧಿವೇಶನಗಳು ನಡೆಯುತ್ತವೆ. ಕೆಳಮನೆಯ 100 ಸದಸ್ಯರ ಅವಧಿ ಎರಡು ವರ್ಷ, ಮೇಲ್ಮನೆಯಾದ ಸೆನೆಟ್‌ನ 40 ಸದಸ್ಯರದು ನಾಲ್ಕು ವರ್ಷ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಶಾಸಕಾಂಗದ ಚುನಾವಣೆ ಸಮಸಂಖ್ಯೆಯ ವರ್ಷಗಳಲ್ಲಿ, ಅಧ್ಯಕ್ಷರ ಅಥವಾ ಸಂಸತ್ತಿನ ಚುನಾವಣೆಯ ಜೊತೆಗೇ ನಡೆದರೆ, ವರ್ಜೀನಿಯಾದಲ್ಲಿ ಅದು ಬೆಸಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ. ಗವರ್ನರ್ ಚುನಾವಣೆ ಸದಾ ಅಧ್ಯಕ್ಷೀಯ ಚುನಾವಣೆಯ ಮರುವರ್ಷದ್ದು. ಹೀಗಾಗಿ ವಾಷಿಂಗ್ಟನ್‌ನಲ್ಲಿ ಹೊಸದಾಗಿ ಅಧಿಕಾರಕ್ಕೆ ಬಂದವರ ಬಗ್ಗೆ ಜನರ ಮೊದಲ ತೀರ್ಪೆಂದು ದೇಶವೇ ಅದನ್ನು ನೋಡುತ್ತದೆ. 1977ರಿಂದ ಈಚೆಗೆ, 2013ರ ಒಂದು ಅಪವಾದ ಬಿಟ್ಟರೆ, ಶ್ವೇತಭವನದಲ್ಲಿರುವ ಪಕ್ಷ ವರ್ಜೀನಿಯಾದ ಗವರ್ನರ್ ಚುನಾವಣೆಯಲ್ಲಿ ಸೋಲುತ್ತಲೇ ಬಂದಿತ್ತು. ಗವರ್ನರ್ ಆದವರು ಸತತ ಎರಡನೆಯ ಅವಧಿಗೆ ಸ್ಪರ್ಧಿಸುವಂತಿಲ್ಲ ಎಂಬುದು ಈ ರಾಜ್ಯದ ಇನ್ನೊಂದು ವಿಶೇಷ.

ಯಾವ ಪಕ್ಷಕ್ಕೂ ಖಾಯಂ ಒಲಿಯದೆ ಅತ್ತಿತ್ತ ವಾಲುವ ರಾಜ್ಯಗಳನ್ನು ಅಮೆರಿಕದಲ್ಲಿ ಸ್ವಿಂಗ್ ಸ್ಟೇಟ್ ಎನ್ನುತ್ತಾರೆ. ವರ್ಜೀನಿಯಾ ಆ ಸಾಲಿಗೆ ಸೇರಿದ್ದು 21ನೆಯ ಶತಮಾನದಲ್ಲಿ. 1968ರಿಂದ 2004ರವರೆಗೆ ನಡೆದ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಅದು ರಿಪಬ್ಲಿಕನ್ ಅಭ್ಯರ್ಥಿಯ ಕಡೆಗಿತ್ತು. 2008ರಲ್ಲಿ ಬರಾಕ್ ಒಬಾಮ ಅಲ್ಲಿ ಗೆದ್ದಾಗ, 1964ರ ಲಿಂಡನ್ ಜಾನ್ಸನ್ ನಂತರ ಆ ರಾಜ್ಯವನ್ನು ಗೆದ್ದ ಮೊದಲ ಡೆಮಾಕ್ರಟ್ ಎನಿಸಿದರು. ರಾಜಧಾನಿ ವಾಷಿಂಗ್ಟನ್‌ಗೆ ಅಂಟಿಕೊಂಡಿರುವ ಉತ್ತರ ವರ್ಜೀನಿಯಾದ ಫೇರ್‌ಫ್ಯಾಕ್ಸ್, ಲೌಡನ್, ಪ್ರಿನ್ಸ್ ವಿಲಿಯಂ ಕೌಂಟಿಗಳು ಸರ್ಕಾರಿ ನೌಕರಿ, ರಕ್ಷಣಾ ಗುತ್ತಿಗೆ ಮತ್ತು ಸಾಫ್ಟ್‌ವೇರ್ ಉದ್ಯಮದಿಂದ ಬೆಳೆದವು. ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದಿಂದ ವಲಸೆ ಬಂದವರು ಅಲ್ಲಿ ನೆಲೆಸಿದರು. ನೈಋತ್ಯದ ಗುಡ್ಡಗಾಡಿನ ಕಲ್ಲಿದ್ದಲು ಪ್ರದೇಶ ಅದೇ ಕಾಲದಲ್ಲಿ ವಿರುದ್ಧ ದಿಕ್ಕಿಗೆ ಸರಿಯಿತು. 2016ರಲ್ಲಿ ಡೊನಾಲ್ಡ್ ಟ್ರಂಪ್ ದೇಶವನ್ನು ಗೆದ್ದರೂ ವರ್ಜೀನಿಯಾದಲ್ಲಿ ಹಿಲರಿ ಕ್ಲಿಂಟನ್ ಸುಮಾರು ಶೇ. 5ರ ಅಂತರದಿಂದ ಮುಂದಿದ್ದರು.

ರಾಜ್ಯದ ಒಲವು ಹೀಗೆ ಬದಲಾಗುತ್ತಿದ್ದರೂ ಕೆಳಮನೆಯಲ್ಲಿ ಅದು ಕಾಣುತ್ತಿರಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಡೆಮಾಕ್ರಟರ ಕೈಲಿದ್ದ ಆ ಸದನ 1999ರ ಚುನಾವಣೆಯಲ್ಲಿ ರಿಪಬ್ಲಿಕನ್ನರ ಪಾಲಾಗಿ ಅಲ್ಲೇ ನಿಂತಿತ್ತು. 2011ರಲ್ಲಿ ಕ್ಷೇತ್ರಗಳ ಮರುವಿಂಗಡಣೆಯಾದಾಗ ಕೆಳಮನೆಯ ನಕ್ಷೆಯನ್ನು ರಚಿಸಿದ್ದು ಅಲ್ಲಿ ಬಹುಮತವಿದ್ದ ರಿಪಬ್ಲಿಕನ್ನರೇ. ಅದರಲ್ಲಿ 12 ಕ್ಷೇತ್ರಗಳನ್ನು, ವಯಸ್ಕ ಜನಸಂಖ್ಯೆಯಲ್ಲಿ ಕಪ್ಪು ಜನರ ಪ್ರಮಾಣ ಕನಿಷ್ಠ ಶೇ. 55 ಇರುವಂತೆ ರೂಪಿಸಲಾಗಿತ್ತು. ಡೆಮಾಕ್ರಟಿಕ್ ಪಕ್ಷಕ್ಕೆ ಬಹುಮಟ್ಟಿಗೆ ನಿಷ್ಠರಾದ ಮತದಾರರನ್ನು ಕೆಲವೇ ಕ್ಷೇತ್ರಗಳಲ್ಲಿ ಒತ್ತಾಗಿ ತುಂಬಿದರೆ ಅಕ್ಕಪಕ್ಕದ ಕ್ಷೇತ್ರಗಳು ಎದುರಾಳಿಗೆ ಸುಲಭವಾಗುತ್ತವೆ. ಈ ನಕ್ಷೆಯ ವಿರುದ್ಧ 2014ರಲ್ಲೇ ಹೂಡಿದ ದಾವೆ 2017ರಲ್ಲಿ ಇನ್ನೂ ನ್ಯಾಯಾಲಯದಲ್ಲಿತ್ತು. ಚುನಾವಣೆ ಹಳೆಯ ನಕ್ಷೆಯ ಮೇಲೆಯೇ ನಡೆಯಿತು. ಆ ನಕ್ಷೆಯಲ್ಲೂ ಕ್ಲಿಂಟನ್‌ಗೆ 51 ಕ್ಷೇತ್ರಗಳಲ್ಲಿ ಮುನ್ನಡೆ ಸಿಕ್ಕಿತ್ತು. ಅವುಗಳಲ್ಲಿ 17ರ ಪ್ರತಿನಿಧಿಗಳು ರಿಪಬ್ಲಿಕನ್ನರು. ಡೆಮಾಕ್ರಟರು ಕಣ್ಣಿಟ್ಟಿದ್ದು ಈ 17ರ ಮೇಲೆ. ಚುನಾವಣೆಗೆ ಮುಂಚೆ ಎಲ್ಲವೂ ಕೈಗೆ ಬರಬಹುದೆಂದು ನಂಬಿದವರು ಅವರಲ್ಲೇ ವಿರಳ.

2017ರ ಜನವರಿಯಲ್ಲಿ ಟ್ರಂಪ್ ಅಧಿಕಾರ ವಹಿಸಿಕೊಂಡ ಮೇಲೆ, ಅದುವರೆಗೆ ರಾಜಕೀಯಕ್ಕೆ ಕಾಲಿಡದಿದ್ದ ಅನೇಕರು, ಅದರಲ್ಲೂ ಮಹಿಳೆಯರು, ಉಮೇದುವಾರಿಕೆಗೆ ಮುಂದೆ ಬಂದರು. ಹಿಂದಿನ ಚುನಾವಣೆಗಳಲ್ಲಿ ಎಷ್ಟೋ ಕ್ಷೇತ್ರಗಳನ್ನು ಎದುರಾಳಿಗೆ ಬಿಟ್ಟುಕೊಡುತ್ತಿದ್ದ ಡೆಮಾಕ್ರಟಿಕ್ ಪಕ್ಷ ಈ ಸಲ 88 ಕ್ಷೇತ್ರಗಳಲ್ಲಿ ಅಭ್ಯರ್ಥಿಗಳನ್ನು ನಿಲ್ಲಿಸಿತು. ಆಗಸ್ಟ್ 12ರಂದು ಶಾರ್ಲಟ್ಸ್‌ವಿಲ್ ನಗರದಲ್ಲಿ ಬಿಳಿಯರ ಶ್ರೇಷ್ಠತೆಯನ್ನು ಸಾರುವ ಗುಂಪುಗಳ ಮೆರವಣಿಗೆ ಹಿಂಸೆಗೆ ತಿರುಗಿ, ಅದನ್ನು ವಿರೋಧಿಸುತ್ತಿದ್ದವರ ಮೇಲೆ ಕಾರು ಹರಿದು ಒಬ್ಬ ಯುವತಿ ಸತ್ತ ಘಟನೆ ಇಡೀ ಪ್ರಚಾರದ ಮೇಲೆ ಕವಿಯಿತು. ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಿಂದ ಮಕ್ಕಳ ನರರೋಗ ವೈದ್ಯರೂ ಆಗಿನ ಲೆಫ್ಟಿನೆಂಟ್ ಗವರ್ನರೂ ಆಗಿದ್ದ ರಾಲ್ಫ್ ನಾರ್ಥಮ್, ರಿಪಬ್ಲಿಕನ್ ಪಕ್ಷದಿಂದ ಎಡ್ ಗಿಲೆಸ್ಪಿ ಸ್ಪರ್ಧಿಸಿದ್ದರು. ಗಿಲೆಸ್ಪಿಯ ಪ್ರಚಾರ ವಲಸಿಗರ ಅಪರಾಧ ಕೂಟಗಳ ಬಗ್ಗೆ ಮತ್ತು ಅಂತರ್ಯುದ್ಧ ಕಾಲದ ಸ್ಮಾರಕಗಳ ರಕ್ಷಣೆಯ ಬಗ್ಗೆ ಒತ್ತು ಕೊಟ್ಟಿತು. ಕ್ಷೇತ್ರಮಟ್ಟದಲ್ಲಿ ಮಾತು ಬೇರೆಯಿತ್ತು. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ನ ವಿಸ್ತರಣೆ, ಶಿಕ್ಷಕರ ಸಂಬಳ, ರಸ್ತೆಗಳ ದಟ್ಟಣೆ ಇವೇ ಮನೆಬಾಗಿಲಲ್ಲಿ ಚರ್ಚೆಗೆ ಬಂದವು.

ಇದಕ್ಕೆ ಒಳ್ಳೆಯ ಉದಾಹರಣೆ ಪ್ರಿನ್ಸ್ ವಿಲಿಯಂ ಕೌಂಟಿಯ 13ನೆಯ ಕ್ಷೇತ್ರ. ಅಲ್ಲಿನ ಹಾಲಿ ಸದಸ್ಯ ಬಾಬ್ ಮಾರ್ಷಲ್ 1992ರಿಂದ ಸದನದಲ್ಲಿದ್ದವರು. ಸಲಿಂಗ ವಿವಾಹವನ್ನು ನಿಷೇಧಿಸಿದ 2006ರ ರಾಜ್ಯ ಸಂವಿಧಾನ ತಿದ್ದುಪಡಿಯ ಕರ್ತೃಗಳಲ್ಲಿ ಒಬ್ಬರು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಯಾವ ಶೌಚಾಲಯ ಬಳಸಬೇಕೆಂದು ಕಟ್ಟುಪಾಡು ಹಾಕುವ ಮಸೂದೆಯನ್ನು 2017ರಲ್ಲೇ ಮಂಡಿಸಿದ್ದರು. ಅವರ ಎದುರಾಳಿ ಡ್ಯಾನಿಕಾ ರೋಮ್ ಪತ್ರಕರ್ತೆಯಾಗಿದ್ದವರು, ಸ್ವತಃ ಟ್ರಾನ್ಸ್‌ಜೆಂಡರ್ ಮಹಿಳೆ. ರೋಮ್ ತಮ್ಮ ಪ್ರಚಾರವನ್ನೆಲ್ಲ ಕಟ್ಟಿದ್ದು 28ನೆಯ ಸಂಖ್ಯೆಯ ಹೆದ್ದಾರಿಯ ಸುತ್ತ. ಬೆಳಿಗ್ಗೆ ಸಂಜೆ ವಾಹನಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಆ ರಸ್ತೆಯ ಸಿಗ್ನಲ್‌ಗಳು ಎಲ್ಲೆಲ್ಲಿವೆ, ಅವನ್ನು ತೆಗೆಯಲು ಏನು ಮಾಡಬೇಕು ಎಂಬುದನ್ನು ವರದಿಗಾರ್ತಿಯ ವಿವರದೊಂದಿಗೆ ಹೇಳುತ್ತ ಮನೆಮನೆ ತಿರುಗಿದರು. ಸಾರ್ವಜನಿಕ ಚರ್ಚೆಗೆ ಮಾರ್ಷಲ್ ಒಪ್ಪಲಿಲ್ಲ. ರೋಮ್ ನಿರಾಯಾಸವಾಗಿ ಗೆದ್ದು, ಟ್ರಾನ್ಸ್‌ಜೆಂಡರ್ ಎಂದು ಬಹಿರಂಗವಾಗಿ ಗುರುತಿಸಿಕೊಂಡು ಅಮೆರಿಕದ ರಾಜ್ಯ ಶಾಸಕಾಂಗಕ್ಕೆ ಆಯ್ಕೆಯಾಗಿ ಅಧಿಕಾರ ಸ್ವೀಕರಿಸಿದ ಮೊದಲ ವ್ಯಕ್ತಿಯಾದರು.

ಮತದಾನದ ದಿನ ಸುಮಾರು 26 ಲಕ್ಷ ಜನ ಮತ ಹಾಕಿದರು. ನಾರ್ಥಮ್ 2.3 ಲಕ್ಷಕ್ಕೂ ಹೆಚ್ಚು ಮತಗಳಿಂದ, ಎಂದರೆ ಶೇ. 9ರಷ್ಟು ಅಂತರದಿಂದ ಗೆದ್ದರು. ಲೆಫ್ಟಿನೆಂಟ್ ಗವರ್ನರ್ ಮತ್ತು ಅಟಾರ್ನಿ ಜನರಲ್ ಹುದ್ದೆಗಳೂ ಡೆಮಾಕ್ರಟರಿಗೇ ಹೋದವು. ಕೆಳಮನೆಯಲ್ಲಿ ಆ ಪಕ್ಷ ಎದುರಾಳಿಯಿಂದ ಕಸಿದುಕೊಂಡದ್ದು 15 ಸ್ಥಾನ. ಸ್ವಂತದ್ದೊಂದನ್ನೂ ಕಳೆದುಕೊಳ್ಳಲಿಲ್ಲ. ಹನ್ನೆರಡು ಮಂದಿ ಹಾಲಿ ರಿಪಬ್ಲಿಕನ್ ಸದಸ್ಯರು ಸೋತರು. ಉಳಿದ ಮೂರು, ಹಳೆಯ ಸದಸ್ಯರು ಸ್ಪರ್ಧಿಸದೆ ತೆರವಾಗಿದ್ದ ಸ್ಥಾನಗಳು. ಈ 15 ಸ್ಥಾನ ಗೆದ್ದವರಲ್ಲಿ 11 ಮಹಿಳೆಯರು. ಎಲಿಜಬೆತ್ ಗುಸ್ಮಾನ್ ಮತ್ತು ಹಾಲಾ ಅಯಾಲಾ ಸದನದ ಮೊದಲ ಲ್ಯಾಟಿನಾ ಸದಸ್ಯೆಯರಾದರು. ವಿಯೆಟ್ನಾಂ ಮೂಲದ ನಿರಾಶ್ರಿತರ ಕುಟುಂಬದ ಕ್ಯಾಥಿ ಟ್ರಾನ್ ಮತ್ತು ಫಿಲಿಪೀನ್ಸ್ ಮೂಲದ ಕೆಲಿ ಫೌಲರ್ ಅಲ್ಲಿಗೆ ಬಂದ ಮೊದಲ ಏಷ್ಯನ್ ಅಮೆರಿಕನ್ ಮಹಿಳೆಯರಾದರು. ನೌಕಾಪಡೆಯ ಮೆರೀನ್ ದಳದಲ್ಲಿ ಸೇವೆ ಸಲ್ಲಿಸಿದ್ದ, ಸಮಾಜವಾದಿ ಎಂದು ಹೇಳಿಕೊಳ್ಳುತ್ತಿದ್ದ ಲೀ ಕಾರ್ಟರ್, ಬಹುಮತ ಪಕ್ಷದ ಸಚೇತಕ ಜಾಕ್ಸನ್ ಮಿಲ್ಲರ್ ಅವರನ್ನೇ ಸೋಲಿಸಿದರು. 2015ರಲ್ಲಿ ನೇರಪ್ರಸಾರದ ವೇಳೆ ಗುಂಡೇಟಿಗೆ ಬಲಿಯಾದ ಟಿವಿ ವರದಿಗಾರ್ತಿ ಅಲಿಸನ್ ಪಾರ್ಕರ್ ಅವರ ಸಂಗಾತಿಯಾಗಿದ್ದ ಕ್ರಿಸ್ ಹರ್ಸ್ಟ್, ಸುದ್ದಿವಾಚಕನ ಕೆಲಸ ಬಿಟ್ಟು ಸ್ಪರ್ಧಿಸಿ ನೈಋತ್ಯ ಭಾಗದ 12ನೆಯ ಕ್ಷೇತ್ರ ಗೆದ್ದರು.

ರಾಜ್ಯದಾದ್ಯಂತ ಕೆಳಮನೆಗೆ ಬಿದ್ದ ಮತಗಳಲ್ಲಿ ಡೆಮಾಕ್ರಟರಿಗೆ ಸುಮಾರು ಶೇ. 53, ರಿಪಬ್ಲಿಕನ್ನರಿಗೆ ಸುಮಾರು ಶೇ. 44 ಬಂದಿತ್ತು. ಈ ಅಂಕಿಯನ್ನು ಓದುವಾಗ ಒಂದು ಎಚ್ಚರಿಕೆ ಬೇಕು: ರಿಪಬ್ಲಿಕನ್ ಅಭ್ಯರ್ಥಿಯೇ ಇಲ್ಲದ ಕ್ಷೇತ್ರಗಳು ಡೆಮಾಕ್ರಟಿಕ್ ಅಭ್ಯರ್ಥಿ ಇಲ್ಲದವುಗಳಿಗಿಂತ ಹೆಚ್ಚಿದ್ದುದರಿಂದ ನಿಜವಾದ ಅಂತರ ಇದಕ್ಕಿಂತ ಕಡಿಮೆ. ಆದರೂ ಅದೇ ದಿನ, ಅದೇ ಮತದಾರರಿಂದ ಗವರ್ನರ್ ಶೇ. 9ರ ಅಂತರದಿಂದ ಗೆದ್ದಿದ್ದಾರೆ ಎಂಬುದನ್ನು ನೆನೆದರೆ, ಸ್ಪಷ್ಟವಾಗಿ ಹೆಚ್ಚು ಮತ ಪಡೆದ ಪಕ್ಷಕ್ಕೆ ಬಹುಮತ ತಪ್ಪಿದ್ದರಲ್ಲಿ ನಕ್ಷೆಯ ಕೈವಾಡ ಇತ್ತೆಂಬುದನ್ನು ಅಲ್ಲಗಳೆಯುವುದು ಕಷ್ಟ.

ಮತ ಎಣಿಕೆಯ ರಾತ್ರಿ ಮೂರು ಕ್ಷೇತ್ರಗಳು ತೂಗುಯ್ಯಾಲೆಯಲ್ಲಿ ಉಳಿದವು. ಮೂರರಲ್ಲೂ ರಿಪಬ್ಲಿಕನ್ನರು ಕೂದಲೆಳೆಯಷ್ಟು ಮುಂದಿದ್ದರು. ವರ್ಜೀನಿಯಾದಲ್ಲಿ ಮರುಎಣಿಕೆ ತಾನಾಗಿಯೇ ನಡೆಯುವುದಿಲ್ಲ. ಅಂತರ ಶೇ. 1ಕ್ಕಿಂತ ಹೆಚ್ಚಿಲ್ಲದಿದ್ದರೆ ಸೋತವರು ಅದನ್ನು ಕೇಳಬಹುದು, ಅಂತರ ಶೇ. 0.5ರೊಳಗಿದ್ದರೆ ಅದರ ಖರ್ಚನ್ನು ಅಭ್ಯರ್ಥಿ ಭರಿಸಬೇಕಿಲ್ಲ. ಮೂವರು ನ್ಯಾಯಾಧೀಶರ ಪೀಠವೊಂದು ಅದರ ಮೇಲುಸ್ತುವಾರಿ ನೋಡುತ್ತದೆ. ಎರಡೂ ಪಕ್ಷಗಳು ಸೂಚಿಸಿದ ಅಧಿಕಾರಿಗಳು ಜೊತೆಯಲ್ಲಿ ಕೂತು ಮತಪತ್ರಗಳನ್ನು ಮತ್ತೆ ಯಂತ್ರಕ್ಕೆ ಹಾಕುತ್ತಾರೆ. ಯಂತ್ರ ಓದಲಾರದ್ದನ್ನು ಬೇರೆ ತೆಗೆದು ಕೈಯಲ್ಲಿ ಪರಿಶೀಲಿಸುತ್ತಾರೆ. ಇಲ್ಲಿ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಆ ವರ್ಷದ ಸೆಪ್ಟೆಂಬರ್ 8ರಂದು, ಮತದಾನಕ್ಕೆ ಎರಡು ತಿಂಗಳು ಬಾಕಿಯಿದ್ದಾಗ, ರಾಜ್ಯ ಚುನಾವಣಾ ಮಂಡಳಿ ಕಾಗದದ ದಾಖಲೆ ಉಳಿಸದ ಸ್ಪರ್ಶಪರದೆ ಮತಯಂತ್ರಗಳ ಮಾನ್ಯತೆಯನ್ನು ರದ್ದುಪಡಿಸಿತ್ತು. ಅಂಥ ಯಂತ್ರಗಳನ್ನು ಎಷ್ಟು ಸುಲಭವಾಗಿ ಭೇದಿಸಬಹುದೆಂದು ಆ ಬೇಸಿಗೆಯಲ್ಲಿ ಹ್ಯಾಕರ್‌ಗಳ ಸಮ್ಮೇಳನವೊಂದರಲ್ಲಿ ತೋರಿಸಿಕೊಟ್ಟಿದ್ದರು. ಹೀಗಾಗಿ 2017ರ ನವೆಂಬರ್‌ನಲ್ಲಿ ಇಡೀ ರಾಜ್ಯ ಕಾಗದದ ಮೇಲೆ ಮತ ಹಾಕಿತು, ಮತ್ತು ಮರುಎಣಿಕೆಯಲ್ಲಿ ಎಣಿಸಲು ನಿಜವಾಗಿಯೂ ಏನಾದರೂ ಇತ್ತು.

ಫೇರ್‌ಫ್ಯಾಕ್ಸ್ ಭಾಗದ 40ನೆಯ ಕ್ಷೇತ್ರದಲ್ಲಿ ರಿಪಬ್ಲಿಕನ್ ಸದಸ್ಯ ಟಿಮ್ ಹ್ಯೂಗೋ 106 ಮತಗಳಿಂದ ಮುಂದಿದ್ದರು. ಮರುಎಣಿಕೆಯಲ್ಲಿ ಅದು 99ಕ್ಕೆ ಇಳಿದು ಅಲ್ಲಿಗೆ ಮುಗಿಯಿತು. ಉಳಿದ ಎರಡು ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ.

94ನೆಯ ಕ್ಷೇತ್ರ ಆಗ ನ್ಯೂಪೋರ್ಟ್ ನ್ಯೂಸ್ ನಗರದಲ್ಲಿತ್ತು. ವಿಮಾನವಾಹಕ ಯುದ್ಧನೌಕೆಗಳನ್ನು ಕಟ್ಟುವ ಹಡಗುಕಟ್ಟೆಯಿಂದ ಹೆಸರಾದ ಊರು. ಹಾಲಿ ಸದಸ್ಯ ರಿಪಬ್ಲಿಕನ್ ಪಕ್ಷದ ಡೇವಿಡ್ ಯಾನ್ಸಿ, ಎದುರಾಳಿ ನಗರದ ಶಾಲಾಮಂಡಳಿಯ ಸದಸ್ಯೆ ಶೆಲಿ ಸೈಮಂಡ್ಸ್. ಲಿಬರ್ಟೇರಿಯನ್ ಪಕ್ಷದ ಮೂರನೆಯ ಅಭ್ಯರ್ಥಿಗೆ ಬಂದದ್ದು ಆರುನೂರಕ್ಕೂ ಹೆಚ್ಚು ಮತ. ಉಳಿದಿಬ್ಬರ ಅಂತರಕ್ಕೆ ಹೋಲಿಸಿದರೆ ಅದು ಬಹಳ ದೊಡ್ಡ ಸಂಖ್ಯೆ. ಮೊದಲ ಅಧಿಕೃತ ಎಣಿಕೆಯಲ್ಲಿ ಯಾನ್ಸಿ 10 ಮತಗಳಿಂದ ಮುಂದಿದ್ದರು. ಡಿಸೆಂಬರ್ 19ರಂದು ಮರುಎಣಿಕೆ ಮುಗಿದಾಗ ಲೆಕ್ಕ ತಲೆಕೆಳಗಾಗಿ ಸೈಮಂಡ್ಸ್ 11,608, ಯಾನ್ಸಿ 11,607 ಎಂದಾಯಿತು. ಒಂದೇ ಮತದ ಗೆಲುವು. ಸದನ 50–50 ಆಗಿದೆ ಎಂಬ ಸುದ್ದಿ ಆ ಸಂಜೆ ದೇಶದ ಎಲ್ಲ ಪತ್ರಿಕೆಗಳಲ್ಲಿ ಬಂತು.

ಮರುದಿನ ಫಲಿತಾಂಶಕ್ಕೆ ಸಹಿ ಹಾಕಲು ನ್ಯಾಯಾಧೀಶರು ಸೇರಿದಾಗ ರಿಪಬ್ಲಿಕನ್ ಪಕ್ಷದ ವಕೀಲರು ಒಂದು ಮತಪತ್ರದ ಪ್ರಶ್ನೆ ಎತ್ತಿದರು. ಹಿಂದಿನ ದಿನ ಎರಡೂ ಕಡೆಯ ಅಧಿಕಾರಿಗಳು ಒಪ್ಪಿಯೇ ಅದನ್ನು ಅಸಿಂಧುವೆಂದು ಬದಿಗಿಟ್ಟಿದ್ದರು. ಅವರಲ್ಲಿ ರಿಪಬ್ಲಿಕನ್ ಕಡೆಯ ಒಬ್ಬರು, ತಮಗೆ ಆ ತೀರ್ಮಾನದ ಬಗ್ಗೆ ಅನುಮಾನ ಬಂದಿದೆಯೆಂದು ಆಮೇಲೆ ನ್ಯಾಯಾಲಯಕ್ಕೆ ಪತ್ರ ಬರೆದರು. ಮತಪತ್ರದಲ್ಲಿ ಸೈಮಂಡ್ಸ್ ಮತ್ತು ಯಾನ್ಸಿ ಇಬ್ಬರ ಹೆಸರಿನ ಮುಂದಿನ ಅಂಡಾಕಾರದ ಗುರುತುಗಳನ್ನೂ ಮಸಿಯಿಂದ ತುಂಬಲಾಗಿತ್ತು. ಯಂತ್ರದ ದೃಷ್ಟಿಯಲ್ಲಿ ಅದು ಇಬ್ಬರಿಗೆ ಹಾಕಿದ ಮತ, ಎಂದರೆ ಯಾರಿಗೂ ಇಲ್ಲ. ಆದರೆ ಸೈಮಂಡ್ಸ್ ಕಡೆಯ ಗುರುತಿನ ಮೇಲೆ ಹೆಚ್ಚುವರಿಯಾಗಿ ಒಂದು ಓರೆಗೆರೆ ಎಳೆದಿತ್ತು. ಹೊಡೆದುಹಾಕಿದ ಗೆರೆ ಅದು, ಹಾಗಾಗಿ ಮತ ಯಾನ್ಸಿಯದೇ ಎಂದು ರಿಪಬ್ಲಿಕನ್ನರು ವಾದಿಸಿದರು. ಇದಕ್ಕೆ ಎದುರಾಗಿ ಅದೇ ಹಾಳೆಯಲ್ಲಿ ಇನ್ನೊಂದು ಸಂಗತಿಯಿತ್ತು: ಗವರ್ನರ್ ಸ್ಪರ್ಧೆಯಲ್ಲಿ ಆ ಮತದಾರ ಗಿಲೆಸ್ಪಿಯ ಹೆಸರಿಗೂ ಎರಡು ಗುರುತು ಮಾಡಿದ್ದರು. ಅಲ್ಲಿ ಹೆಚ್ಚುವರಿ ಗುರುತು ಒಲವಿನದಾದರೆ ಇಲ್ಲಿ ಅದು ತಿರಸ್ಕಾರದ್ದೆಂದು ಹೇಗೆ ಹೇಳುವುದು ಎಂಬುದು ಡೆಮಾಕ್ರಟರ ಪ್ರಶ್ನೆ. ಬೇರೆ ಯಾವ ಹುದ್ದೆಗೂ ಆ ಮತದಾರ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಆರಿಸಿಲ್ಲ ಎಂಬುದನ್ನು ಗಮನಿಸಿದ ನ್ಯಾಯಾಧೀಶರು ಮತವನ್ನು ಯಾನ್ಸಿಗೆ ಸೇರಿಸಿದರು. ಲೆಕ್ಕ 11,608–11,608ಕ್ಕೆ ಬಂದು ನಿಂತಿತು.

ಮತದಾರನ ಮನಸ್ಸನ್ನು ಹಾಳೆಯ ಮೇಲಿನ ಗೆರೆಗಳಿಂದ ಊಹಿಸುವ ಕೆಲಸಕ್ಕೆ ವರ್ಜೀನಿಯಾದಲ್ಲಿ ಚಿತ್ರಸಹಿತವಾದ ಒಂದು ಕೈಪಿಡಿಯೇ ಇದೆ. ಆದರೂ ಈ ತೀರ್ಪಿನ ದುರ್ಬಲ ಅಂಶ ಇದ್ದದ್ದು ಗೆರೆಯ ಅರ್ಥದಲ್ಲಿ ಅಲ್ಲ, ಕ್ರಮದಲ್ಲಿ. ಎಣಿಕೆ ಮುಗಿದು, ಎಷ್ಟು ಮತ ಬೇಕೆಂಬುದು ಎಲ್ಲರಿಗೂ ಗೊತ್ತಾದ ಮೇಲೆ ಒಂದೇ ಒಂದು ಹಾಳೆಯನ್ನು ಮತ್ತೆ ತೆರೆದದ್ದು ಎರಡೂ ಕಡೆಯವರನ್ನು ಸಮನಾಗಿ ನೋಡಿದಂತೆ ಆಗಲಿಲ್ಲ. ತೀರ್ಪನ್ನು ಮರುಪರಿಶೀಲಿಸಬೇಕೆಂಬ ಸೈಮಂಡ್ಸ್ ಅವರ ಅರ್ಜಿಯನ್ನು ನ್ಯಾಯಾಲಯ ಜನವರಿ 3ರಂದು ತಳ್ಳಿಹಾಕಿತು.

ಮತಗಳು ಸಮವಾದಾಗ ಚೀಟಿ ಎತ್ತಬೇಕೆಂಬುದು ವರ್ಜೀನಿಯಾದ ಕಾನೂನು. 1971ರಲ್ಲೂ ಅಲ್ಲಿನ ಕೆಳಮನೆಯ ಒಂದು ಸ್ಥಾನ ಹೀಗೆಯೇ ತೀರ್ಮಾನವಾಗಿತ್ತು. ಭಾರತದ ಕಾನೂನೂ ಇದೇ ದಾರಿ ಹಿಡಿದಿದೆ: 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 65ನೆಯ ಕಲಮಿನ ಪ್ರಕಾರ ಸಮಮತ ಬಂದಾಗ ಚೀಟಿ ಎತ್ತಿ, ಚೀಟಿಯಲ್ಲಿ ಹೆಸರು ಬಂದವರಿಗೆ ಒಂದು ಮತ ಹೆಚ್ಚು ಬಂದಿದೆಯೆಂದು ಭಾವಿಸಲಾಗುತ್ತದೆ. ಕರ್ನಾಟಕದಲ್ಲಿ 2004ರ ಸಂತೇಮರಹಳ್ಳಿ ಕ್ಷೇತ್ರ ಇದರ ಅಂಚಿಗೆ ಬಂದಿತ್ತು. ಅಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ 40,752 ಮತ ಪಡೆದು, 40,751 ಪಡೆದ ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಮತದಿಂದ ಸೋಲಿಸಿದ್ದರು. ಆದರೆ ಸಂತೇಮರಹಳ್ಳಿಯ ಫಲಿತಾಂಶದ ಮೇಲೆ ವಿಧಾನಸಭೆಯ ಬಹುಮತ ನಿಂತಿರಲಿಲ್ಲ. ನ್ಯೂಪೋರ್ಟ್ ನ್ಯೂಸ್‌ನಲ್ಲಿ ನಿಂತಿತ್ತು.

ಡಿಸೆಂಬರ್ 27ಕ್ಕೆ ಗೊತ್ತಾಗಿದ್ದ ಚೀಟಿ ಎತ್ತುವ ಕಾರ್ಯಕ್ರಮ, ಕಾನೂನು ಹೋರಾಟದಿಂದ ಮುಂದಕ್ಕೆ ಹೋಗಿ 2018ರ ಜನವರಿ 4ರಂದು ರಿಚ್ಮಂಡ್‌ನ ಪ್ಯಾಟ್ರಿಕ್ ಹೆನ್ರಿ ಭವನದಲ್ಲಿ ನಡೆಯಿತು. ಇಬ್ಬರ ಹೆಸರುಗಳನ್ನೂ ಒಂದೊಂದು ಹಾಳೆಯಲ್ಲಿ ಮುದ್ರಿಸಿ, ಕ್ಯಾಮೆರಾ ರೀಲು ಇಡುವ ಹಳೆಯ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಸುರುಳಿ ಸುತ್ತಿ ಹಾಕಿದರು. ಆ ಎರಡು ಡಬ್ಬಿಗಳನ್ನು ಕುಂಬಾರಿಕೆ ಕಲಾವಿದ ಸ್ಟೀವನ್ ಗ್ಲಾಸ್ ಮಾಡಿದ ನೀಲಿ ಬಿಳಿ ಬಣ್ಣದ ಪಿಂಗಾಣಿ ಬೋಗುಣಿಗೆ ಹಾಕಿದರು. ಬೋಗುಣಿಯನ್ನು ಎರವಲು ಕೊಟ್ಟಿದ್ದು ವರ್ಜೀನಿಯಾ ಲಲಿತಕಲಾ ಸಂಗ್ರಹಾಲಯ. ಚುನಾವಣಾ ಮಂಡಳಿಯ ಅಧ್ಯಕ್ಷ ಜೇಮ್ಸ್ ಆಲ್ಕಾರ್ನ್ ಒಂದು ಡಬ್ಬಿ ಎತ್ತಿ ತೆರೆದು ಓದಿದ ಹೆಸರು ಡೇವಿಡ್ ಯಾನ್ಸಿ. ಎರಡನೆಯ ಡಬ್ಬಿಯನ್ನೂ ತೆರೆದು, ಅದರಲ್ಲಿ ಸೈಮಂಡ್ಸ್ ಹೆಸರಿರುವುದನ್ನು ನೆರೆದವರಿಗೆ ತೋರಿಸಲಾಯಿತು. ಚೀಟಿಯಲ್ಲಿ ಸೋತವರು ಇನ್ನೊಂದು ಮರುಎಣಿಕೆ ಕೇಳಲು ಕಾನೂನಿನಲ್ಲಿ ಅವಕಾಶವಿತ್ತು. ಸೈಮಂಡ್ಸ್ ಅದನ್ನು ಬಳಸದೆ, ಅಧಿವೇಶನ ಆರಂಭವಾದ ಜನವರಿ 10ರಂದು ಸೋಲು ಒಪ್ಪಿಕೊಂಡರು.

28ನೆಯ ಕ್ಷೇತ್ರದ ಪ್ರಕರಣಕ್ಕೆ ಇಷ್ಟು ಪ್ರಚಾರ ಸಿಗಲಿಲ್ಲ, ಆದರೆ ಅದು ಹೆಚ್ಚು ಗಂಭೀರವಾದದ್ದು. ಫ್ರೆಡರಿಕ್ಸ್‌ಬರ್ಗ್ ನಗರದ ಒಂದು ಭಾಗ ಮತ್ತು ಸ್ಟಾಫರ್ಡ್ ಕೌಂಟಿಯ ಪ್ರದೇಶಗಳನ್ನು ಒಳಗೊಂಡ ಈ ಕ್ಷೇತ್ರ, 2003ರಿಂದ ಸ್ಪೀಕರ್ ಆಗಿದ್ದ ವಿಲಿಯಂ ಹಾವೆಲ್ ನಿವೃತ್ತರಾಗಿ ತೆರವಾಗಿತ್ತು. ರಿಪಬ್ಲಿಕನ್ ಅಭ್ಯರ್ಥಿ ಬಾಬ್ ಥಾಮಸ್ ಡೆಮಾಕ್ರಟಿಕ್ ಪಕ್ಷದ ಜೋಶುವಾ ಕೋಲ್ ಅವರಿಗಿಂತ 82 ಮತಗಳಿಂದ ಮುಂದಿದ್ದರು. ಮರುಎಣಿಕೆಯ ನಂತರ ಅಂತರ 73. ಆದರೆ ಎರಡು ಕ್ಷೇತ್ರಗಳ ನಡುವೆ ಹಂಚಿಹೋಗಿದ್ದ ಮತಗಟ್ಟೆಗಳಲ್ಲಿ 147 ಮತದಾರರಿಗೆ ತಪ್ಪು ಮತಪತ್ರ ಕೊಡಲಾಗಿತ್ತೆಂಬುದು ಬೆಳಕಿಗೆ ಬಂತು. 28ನೆಯ ಕ್ಷೇತ್ರದವರಿಗೆ ಪಕ್ಕದ 88ನೆಯದರ ಪತ್ರ, ಅಲ್ಲಿಯವರಿಗೆ ಇಲ್ಲಿಯದು. ಗೆಲುವಿನ ಅಂತರಕ್ಕಿಂತ ತಪ್ಪು ಪತ್ರಗಳ ಸಂಖ್ಯೆ ಎರಡು ಪಟ್ಟು. ಇದಲ್ಲದೆ ಸ್ಟಾಫರ್ಡ್‌ನಲ್ಲಿ ಮತದಾನದ ಮರುದಿನ ಕಚೇರಿಗೆ ತಲುಪಿದ 55 ಅಂಚೆ ಮತಗಳನ್ನು ತಡವಾಯಿತೆಂದು ಎಣಿಸಲಿಲ್ಲ.

ಯಂತ್ರ ಕೆಟ್ಟು ಆದ ತಪ್ಪಲ್ಲ ಇದು, ಯಾರೋ ಕಳ್ಳ ಮತ ಹಾಕಿದ್ದೂ ಅಲ್ಲ. ವರ್ಜೀನಿಯಾದಲ್ಲಿ ಪ್ರತಿ ಮನೆಯ ವಿಳಾಸ ಯಾವ ಕ್ಷೇತ್ರಕ್ಕೆ ಸೇರುತ್ತದೆಂದು ಗುರುತಿಸುವುದು ಸ್ಥಳೀಯ ಚುನಾವಣಾ ನೋಂದಣಾಧಿಕಾರಿಯ ಕೆಲಸ. ಹೊಸ ನಕ್ಷೆಯ ಗೆರೆ ಒಂದು ಬೀದಿಯ ಮಧ್ಯದಲ್ಲೋ ಬಡಾವಣೆಯ ಹಿಂಭಾಗದಲ್ಲೋ ಹಾದುಹೋದರೆ, ಬೀದಿಯ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗಿನ ಮನೆಗಳು ಎತ್ತ ಎಂಬುದನ್ನು ಸಣ್ಣ ಕಚೇರಿಯ ಕೆಲವೇ ಸಿಬ್ಬಂದಿ ಕಡತದಲ್ಲಿ ಸೇರಿಸುತ್ತಾರೆ. ಅಲ್ಲಿ ಆದ ಒಂದು ತಪ್ಪು ಚುನಾವಣೆಯಿಂದ ಚುನಾವಣೆಗೆ ಯಾರ ಕಣ್ಣಿಗೂ ಬೀಳದೆ ಮುಂದುವರಿಯಬಹುದು. ಮತಗಟ್ಟೆಗೆ ಬಂದವರ ಕೈಗೆ ಅಧಿಕಾರಿಯೇ ಕೊಡುವ ಪತ್ರ ತಪ್ಪೆಂದು ಅನುಮಾನಿಸಲು ಮತದಾರರಿಗೆ ಕಾರಣವೇ ಇರುವುದಿಲ್ಲ. 94ನೆಯ ಕ್ಷೇತ್ರದಲ್ಲೂ ಇದೇ ಆಗಿತ್ತೆಂದು 2018ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ವರದಿ ಮಾಡಿತು. ಬಹುಪಾಲು ಕಪ್ಪು ಜನರಿರುವ ಒಂದು ಮತಗಟ್ಟೆಯಲ್ಲಿ ಆ ಕ್ಷೇತ್ರದ 26 ಮತದಾರರು ಪಕ್ಕದ 93ನೆಯ ಕ್ಷೇತ್ರದ ಪತ್ರದಲ್ಲಿ ಮತ ಹಾಕಿದ್ದರು. ಒಂದು ಮತಪತ್ರದ ಓರೆಗೆರೆಯ ಮೇಲೆ ವಾರಗಟ್ಟಲೆ ವಾದ ನಡೆದ ಕ್ಷೇತ್ರದಲ್ಲಿ ಈ 26 ಮಂದಿಯ ವಿಷಯ ಗೊತ್ತಾಗುವ ಹೊತ್ತಿಗೆ ಸದಸ್ಯರು ಅಧಿಕಾರಕ್ಕೆ ಬಂದು ತಿಂಗಳುಗಳೇ ಕಳೆದಿದ್ದವು.

28ನೆಯ ಕ್ಷೇತ್ರದಲ್ಲಿ ಹೊಸದಾಗಿ ಚುನಾವಣೆ ನಡೆಸಬೇಕೆಂದು ಕೋರಿ ಡೆಮಾಕ್ರಟಿಕ್ ಪಕ್ಷದ ಕಡೆಯವರು ಫೆಡರಲ್ ನ್ಯಾಯಾಲಯಕ್ಕೆ ಹೋದರು. ನ್ಯಾಯಾಧೀಶ ಟಿ.ಎಸ್. ಎಲಿಸ್ ಜನವರಿ 5ರಂದು ಮಧ್ಯಪ್ರವೇಶಕ್ಕೆ ನಿರಾಕರಿಸಿದರು. ಮೇಲಿನ ನ್ಯಾಯಾಲಯದಲ್ಲೂ ತಡೆ ಸಿಗಲಿಲ್ಲ. ಥಾಮಸ್ ಪ್ರಮಾಣ ಸ್ವೀಕರಿಸಿದರು. 94 ಮತ್ತು 28 ಎರಡೂ ಆಚೆ ಕಡೆಗೆ ವಾಲಿದ್ದರೆ ಡೆಮಾಕ್ರಟರಿಗೆ 51 ಸ್ಥಾನಗಳ ಬಹುಮತವೇ ಸಿಗುತ್ತಿತ್ತು. 94 ಒಂದೇ ವಾಲಿದ್ದರೂ ಸದನ 50–50 ಆಗುತ್ತಿತ್ತು. ಸೆನೆಟ್‌ನಲ್ಲಿ ಮತಗಳು ಸಮವಾದರೆ ಲೆಫ್ಟಿನೆಂಟ್ ಗವರ್ನರ್ ನಿರ್ಣಾಯಕ ಮತ ಹಾಕುತ್ತಾರೆ. ಕೆಳಮನೆಯಲ್ಲಿ ಅಂಥ ವ್ಯವಸ್ಥೆ ಇಲ್ಲ. 1998ರಲ್ಲಿ ಎರಡೂ ಪಕ್ಷಗಳು ಸರಿಸುಮಾರು ಸಮಬಲವಾಗಿದ್ದಾಗ ಸಮಿತಿಗಳನ್ನು ಹಂಚಿಕೊಂಡು ಸದನ ನಡೆಸಿದ ಅನುಭವವೊಂದೇ ಮುಂದಿದ್ದ ಮಾದರಿ.

2018ರ ಜನವರಿ 10ರಂದು ರಿಪಬ್ಲಿಕನ್ ಪಕ್ಷದ ಕರ್ಕ್ ಕಾಕ್ಸ್ ಸ್ಪೀಕರ್ ಆದರು. ಬಹುಮತ ಉಳಿದರೂ ಪಕ್ಷದ ಧೋರಣೆ ಉಳಿಯಲಿಲ್ಲ. ಹಿಂದಿನ ಗವರ್ನರ್ ಟೆರಿ ಮ್ಯಾಕಾಲಿಫ್ ನಾಲ್ಕು ವರ್ಷ ಕೇಳಿಕೊಂಡರೂ ಮೆಡಿಕೇಡ್ ವಿಸ್ತರಣೆಗೆ ಕೆಳಮನೆಯ ರಿಪಬ್ಲಿಕನ್ನರು ಒಪ್ಪಿರಲಿಲ್ಲ. ಹನ್ನೆರಡು ಮಂದಿ ಸಹೋದ್ಯೋಗಿಗಳ ಸೋಲನ್ನು ಕಂಡ ಮೇಲೆ ಕಾಕ್ಸ್ ಮತ್ತು ಅವರ ಪಕ್ಷದ ಹಲವರು ನಿಲುವು ಬದಲಿಸಿದರು. ನೈಋತ್ಯದ ಬಡ ಗುಡ್ಡಗಾಡಿನಿಂದ ಬಂದ ಟೆರಿ ಕಿಲ್ಗೋರ್ ಅಂಥವರೂ ಜೊತೆಯಾದರು. ಫಲಾನುಭವಿಗಳು ಕೆಲಸ ಮಾಡಬೇಕೆಂಬ ಷರತ್ತು ಸೇರಿಸಿ ಒಪ್ಪಂದ ಮಾಡಿಕೊಂಡು, ಮೇ 30ರಂದು ಕೆಳಮನೆ 67–31ರಿಂದ, ಸೆನೆಟ್ 23–17ರಿಂದ ವಿಸ್ತರಣೆಯನ್ನು ಒಳಗೊಂಡ ಬಜೆಟ್ ಅಂಗೀಕರಿಸಿದವು. ಸುಮಾರು 4 ಲಕ್ಷ ಜನರಿಗೆ ಆರೋಗ್ಯ ವಿಮೆಯ ಅರ್ಹತೆ ಕೊಟ್ಟ ಈ ಯೋಜನೆ 2019ರ ಜನವರಿ 1ರಿಂದ ಜಾರಿಗೆ ಬಂತು. ಈ ಚುನಾವಣೆಯ ಅತಿ ದೊಡ್ಡ ಪರಿಣಾಮ ಇದೇ. ಬಹುಮತ ಕೈತಪ್ಪಿದ ಪಕ್ಷದ ಮುಖ್ಯ ಬೇಡಿಕೆ ಬಹುಮತ ಉಳಿಸಿಕೊಂಡವರ ಕೈಯಿಂದಲೇ ಈಡೇರಿತು.

ಕ್ಷೇತ್ರಗಳ ನಕ್ಷೆಯ ವ್ಯಾಜ್ಯ 2018ರ ಜೂನ್‌ನಲ್ಲಿ ತಿರುವು ಪಡೆಯಿತು. 11 ಕ್ಷೇತ್ರಗಳನ್ನು ಜನಾಂಗದ ಆಧಾರದ ಮೇಲೆ ಅಸಾಂವಿಧಾನಿಕವಾಗಿ ರಚಿಸಲಾಗಿದೆಯೆಂದು ಫೆಡರಲ್ ನ್ಯಾಯಾಲಯ ತೀರ್ಪಿತ್ತು, ಅಕ್ಕಪಕ್ಕದವೂ ಸೇರಿ 25 ಕ್ಷೇತ್ರಗಳ ಗಡಿಯನ್ನು ಬದಲಿಸಿತು. ಮೇಲ್ಮನವಿ ಸಲ್ಲಿಸಲು ಕೆಳಮನೆಗೆ ಹಕ್ಕಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2019ರ ಜೂನ್‌ನಲ್ಲಿ 5–4ರ ಬಹುಮತದಿಂದ ಹೇಳಿತು. ಗಡಿ ಬದಲಾದವುಗಳಲ್ಲಿ 94ನೆಯ ಕ್ಷೇತ್ರವೂ ಒಂದು. 2019ರ ನವೆಂಬರ್‌ನಲ್ಲಿ ಅದೇ ಇಬ್ಬರು ಮತ್ತೆ ಎದುರಾದಾಗ ಸೈಮಂಡ್ಸ್ ದೊಡ್ಡ ಅಂತರದಿಂದ ಗೆದ್ದರು. 28ರಲ್ಲಿ ಥಾಮಸ್ ತಮ್ಮ ಪಕ್ಷದ ಒಳಚುನಾವಣೆಯಲ್ಲೇ ಸೋತರು, ಕೋಲ್ ಸದಸ್ಯರಾದರು. 40ರಲ್ಲಿ ಹ್ಯೂಗೋ ಕೂಡ ಸ್ಥಾನ ಕಳೆದುಕೊಂಡರು. ಡೆಮಾಕ್ರಟರು ಕೆಳಮನೆಯನ್ನು 55–45ರಿಂದ, ಸೆನೆಟ್ಟನ್ನು 21–19ರಿಂದ ಗೆದ್ದರು. ಹೈದರಾಬಾದಿನಲ್ಲಿ ಹುಟ್ಟಿದ ಗಜಾಲಾ ಹಶ್ಮಿ ಸೆನೆಟ್‌ಗೂ, ಭಾರತೀಯ ಮೂಲದ ದಂಪತಿಯ ಮಗ ಸುಹಾಸ್ ಸುಬ್ರಮಣ್ಯಂ ಕೆಳಮನೆಗೂ ಆಯ್ಕೆಯಾದದ್ದು ಈ ಚುನಾವಣೆಯಲ್ಲೇ. ಆ ಬಹುಮತದ ಕಾಲದಲ್ಲಿ ವರ್ಜೀನಿಯಾ 2021ರ ಮಾರ್ಚ್‌ನಲ್ಲಿ ಮರಣದಂಡನೆಯನ್ನು ರದ್ದುಮಾಡಿತು. ದಕ್ಷಿಣದ ರಾಜ್ಯಗಳಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಒಂದು ಮತಗಟ್ಟೆ ಎರಡು ಕ್ಷೇತ್ರಗಳ ನಡುವೆ ಹಂಚಿಹೋಗದಂತೆ ನೋಡಿಕೊಳ್ಳುವ ಕಾನೂನು ತಿದ್ದುಪಡಿಯೂ ಈ ಕಾಲದ್ದೇ.

2020ರ ನವೆಂಬರ್‌ನಲ್ಲಿ ಮತದಾರರು ಸಂವಿಧಾನ ತಿದ್ದುಪಡಿಯೊಂದನ್ನು ಒಪ್ಪಿ, ಕ್ಷೇತ್ರ ರಚನೆಯ ಅಧಿಕಾರವನ್ನು 8 ಶಾಸಕರು ಮತ್ತು 8 ನಾಗರಿಕರ ಆಯೋಗಕ್ಕೆ ವಹಿಸಿದರು. ಆಯೋಗದಲ್ಲಿ ಒಮ್ಮತ ಮೂಡದೆ ಕೆಲಸ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ನೇಮಿಸಿದ ಇಬ್ಬರು ತಜ್ಞರು ರಚಿಸಿದ ನಕ್ಷೆ 2021ರ ಡಿಸೆಂಬರ್‌ನಲ್ಲಿ ಅಂತಿಮವಾಯಿತು. ಅಷ್ಟರಲ್ಲಿ ಆ ವರ್ಷದ ಚುನಾವಣೆ ಹಳೆಯ ಗಡಿಗಳ ಮೇಲೆ ನಡೆದು ರಿಪಬ್ಲಿಕನ್ನರು 52–48ರಿಂದ ಸದನವನ್ನು ಮರಳಿ ಪಡೆದಿದ್ದರು. ಆಗಲೂ ಎರಡು ಕ್ಷೇತ್ರಗಳು ಮರುಎಣಿಕೆಗೆ ಹೋಗಿದ್ದವು. ಹೊಸ ನಕ್ಷೆಯ ಮೇಲೆ ಸದನದ ಮೊದಲ ಚುನಾವಣೆ ನಡೆದದ್ದು 2023ರಲ್ಲಿ. ಫಲಿತಾಂಶ ಮತ್ತೆ 51–49 ಬಂತು, ಈ ಸಲ ಡೆಮಾಕ್ರಟರ ಪರವಾಗಿ. 2024ರ ಜನವರಿಯಲ್ಲಿ ಡಾನ್ ಸ್ಕಾಟ್ ಆ ಸದನದ ಮೊದಲ ಕಪ್ಪು ಸ್ಪೀಕರ್ ಆಗಿ ಆಯ್ಕೆಯಾದರು.